ಸೇನೆಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸ: ಇಎಂಇ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತೀಯ ಸೇನೆಯ ಇಎಂಇಯಲ್ಲಿ, ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಇಂಜಿನಿಯರ್ಸ್ ಪಡೆಯಲ್ಲಿ, ಇಪ್ಪತ್ತೆರಡು ವರ್ಷ ರೇಡಿಯೋ ಬೆಂಚಿನ ಮುಂದೆ ಕೂತು, ಹವಾಲ್ದಾರ್ ಆಗಿ ಮನೆಗೆ ಬಂದವನು ನಾನು. ಬಂದ ಮೇಲೆ ಫೋನು ನಿಂತಿಲ್ಲ. ಭರ್ತಿಗೆ ಓಡುತ್ತಿರುವ ಹುಡುಗರು, ಟ್ರೈನಿಂಗ್‌ನಲ್ಲಿ ಇರುವವರು, ಮೊದಲ ಪೋಸ್ಟಿಂಗ್‌ನಲ್ಲಿ ತಲೆ ಕೆಟ್ಟವರು, ಅವರ ಅಪ್ಪಂದಿರು, ಎಲ್ಲರೂ ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಯಾವ ಸೆಟ್ ಯಾವ ಫ್ರೀಕ್ವೆನ್ಸಿಯಲ್ಲಿ ಓಡುತ್ತದೆ, ಯಾವ ಯೂನಿಟ್ ಎಲ್ಲಿದೆ ಎಂಬುದೆಲ್ಲ ಇಲ್ಲಿ ಸಿಗಲ್ಲ. ಕೇಳಲೂಬೇಡಿ.

ಇಎಂಇ ಅಂದ್ರೆ ಗಾಡಿ ರಿಪೇರಿ ಮಾಡೋ ಪಡೆ ಅಲ್ವಾ?

ಅರ್ಧ ಸರಿ. ಟ್ಯಾಂಕಿನಿಂದ ಜಿಪ್ಸಿವರೆಗೆ ಗಾಡಿಗಳ ರಿಪೇರಿಯೂ ನಮ್ಮದೇ. ಆದರೆ ರೇಡಿಯೋ ಸೆಟ್, ರಾಡಾರ್, ರಾತ್ರಿ ನೋಡುವ ದುರ್ಬೀನು, ಲೇಸರ್ ರೇಂಜ್ ಫೈಂಡರ್, ಕ್ಷಿಪಣಿಯ ಕಂಟ್ರೋಲ್ ಪೆಟ್ಟಿಗೆ, ಜನರೇಟರ್, ಮಿಲಿಟರಿ ಆಸ್ಪತ್ರೆಯ ಯಂತ್ರಗಳು ಕೂಡ ಕೊನೆಗೆ ನಮ್ಮ ಬೆಂಚಿಗೇ ಬರುತ್ತವೆ. ಈ ಪಡೆಯ ಹುಟ್ಟುಹಬ್ಬ ಅಕ್ಟೋಬರ್ 15, ಹುಟ್ಟಿದ್ದು 1943ರಲ್ಲಿ. ಆಗ ಹೆಸರಿನ ಮೊದಲ 'ಇ' ಅಂದರೆ ಎಲೆಕ್ಟ್ರಿಕಲ್. ಈಗ ಅದೇ 'ಇ' ಎಲೆಕ್ಟ್ರಾನಿಕ್ಸ್ ಆಗಿದೆ. ಅಕ್ಷರ ಅದೇ, ಕೆಲಸ ಎಷ್ಟು ಬದಲಾಗಿದೆ ಅಂತ ಅದೊಂದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಬೇರೆ ರೆಜಿಮೆಂಟಿನಲ್ಲಿ ಸಿಪಾಯಿ ಅಂತ ಕರೆಯುವವನನ್ನು ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್ ಅನ್ನುತ್ತಾರೆ. ಕುಶಲಕರ್ಮಿ ಅಂತ. ನನಗೆ ಆ ಹೆಸರು ಇಷ್ಟ.

ಹಾಗಾದರೆ ಸಿಗ್ನಲ್ಸ್‌ಗೂ ಇಎಂಇಗೂ ಏನು ವ್ಯತ್ಯಾಸ?

ಸಿಗ್ನಲ್ಸ್‌ನವರು ಸಂಪರ್ಕ ಕಟ್ಟುತ್ತಾರೆ, ನಡೆಸುತ್ತಾರೆ. ಅವರಲ್ಲೂ ಸೆಟ್ ನೋಡಿಕೊಳ್ಳುವ ತಂತ್ರಜ್ಞರಿದ್ದಾರೆ. ಅವರ ಕೈ ಮೀರಿದ್ದು, ಹಾಗೆಯೇ ಪದಾತಿ, ಫಿರಂಗಿ, ಟ್ಯಾಂಕ್ ಪಡೆಗಳ ಉಪಕರಣ ನಮ್ಮ ವರ್ಕ್‌ಶಾಪಿಗೆ ಬರುತ್ತದೆ. ಸಿಗ್ನಲ್ಸ್‌ನವರ ಟ್ರೈನಿಂಗ್ ಜಬಲ್ಪುರ, ಗೋವಾ ಕಡೆ. ನಮ್ಮದು ಸಿಕಂದರಾಬಾದ್, ಭೋಪಾಲ್, ವಡೋದರ ಕಡೆ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತೇವೆ. ಚಹಾ ಮಾತ್ರ ಒಟ್ಟಿಗೇ ಕುಡಿಯುತ್ತೇವೆ.

ಸೇರೋಕೆ ಏನು ಓದಿರಬೇಕು? ಐಟಿಐ ಮಾಡಿದ್ದು ಲೆಕ್ಕಕ್ಕೆ ಬರುತ್ತಾ?

ಖಂಡಿತ ಬರುತ್ತದೆ. 2022ರ ಜೂನ್‌ನಲ್ಲಿ ಅಗ್ನಿಪಥ್ (4 ವರ್ಷದ ಸೇವೆಯ ಯೋಜನೆ) ಬಂದ ಮೇಲೆ ಜವಾನರ ಭರ್ತಿ ಅಗ್ನಿವೀರ್ ಆಗಿಯೇ. ಟೆಕ್ನಿಕಲ್ ವರ್ಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇಂಗ್ಲಿಷ್ ಓದಿರಬೇಕು. ಅದಿಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಜೊತೆ 2 ವರ್ಷದ ಐಟಿಐ ಅಥವಾ ಡಿಪ್ಲೊಮಾದ ದಾರಿಯೂ ಇದೆ. ಶೇಕಡಾವಾರು ಅಂಕ, ವಯಸ್ಸು ಇವೆಲ್ಲ ಆ ವರ್ಷದ ಅಧಿಸೂಚನೆಯಲ್ಲೇ ನೋಡಿ, ಯಾರದೋ ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. 2023ರಿಂದ ಕಂಪ್ಯೂಟರ್ ಪರೀಕ್ಷೆ ಮೊದಲು, ಓಟ ಆಮೇಲೆ. ಈಗ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಕಾಲದಲ್ಲಿ ಅದು ಇರಲಿಲ್ಲ.

ಭರ್ತಿ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವವನು ಮೋಸಗಾರ. ಇದರಲ್ಲಿ ಎರಡನೇ ಮಾತೇ ಇಲ್ಲ.

ರೇಡಿಯೋ, ರಾಡಾರ್ ಟ್ರೇಡೇ ಬೇಕು ಅಂತ ಕೇಳಬಹುದಾ?

ಕೇಳಬಹುದು. ಕೊಡೋದು ಅವರಿಷ್ಟ. ನಿಮ್ಮ ಓದು, ಅಲ್ಲಿ ನಡೆಸುವ ಪರೀಕ್ಷೆ, ಆ ಹೊತ್ತಿಗೆ ಎಲ್ಲಿ ಎಷ್ಟು ಜಾಗ ಖಾಲಿ ಇದೆ, ಇವೆಲ್ಲ ಸೇರಿ ಟ್ರೇಡ್ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಐಟಿಐ ಸರ್ಟಿಫಿಕೇಟನ್ನು ಟ್ರಂಕಿನ ತಳಕ್ಕೆ ಹಾಕಿ ಬಾಯಿ ಮುಚ್ಚಿ ಕೂತವರಿಗೆ ಗಾಡಿ ಟ್ರೇಡ್ ಬಂದದ್ದು ನೋಡಿದ್ದೇನೆ. ಕೇಳಿದಾಗ ಎದ್ದು ನಿಂತು ಹೇಳಿ, ಕಾಗದ ತೋರಿಸಿ.

ನನಗೆ ಹಿಂದಿ ಬರಲ್ಲ. ಟ್ರೈನಿಂಗ್‌ನಲ್ಲಿ ಏನು ಗತಿ?

ಈ ಪ್ರಶ್ನೆ ಕೇಳದ ಕನ್ನಡದ ಹುಡುಗ ಇಲ್ಲ. ಮೊದಲ ತಿಂಗಳು ಕಷ್ಟ. ಉಸ್ತಾದ್ ಒಂದು ಹೇಳುತ್ತಾನೆ, ನೀವು ಇನ್ನೊಂದು ಮಾಡುತ್ತೀರಿ, ಇಡೀ ಸ್ಕ್ವಾಡಿಗೆ ರಗಡಾ (ಶಿಕ್ಷೆಯ ಕಸರತ್ತು) ಬೀಳುತ್ತದೆ. ನನಗೆ 'ಪೀಛೇ ಮುಡ್' (ಹಿಂದಕ್ಕೆ ತಿರುಗು) ಅಂದಾಗ ಎಡಕ್ಕೆ ತಿರುಗಿದ್ದಕ್ಕೆ ಸಿಕ್ಕ ಫ್ರಂಟ್ ರೋಲ್ ಇವತ್ತಿಗೂ ನೆನಪಿದೆ. ಮೂರನೇ ತಿಂಗಳ ಹೊತ್ತಿಗೆ ಕನಸೇ ಹಿಂದಿಯಲ್ಲಿ ಬೀಳುತ್ತಿತ್ತು.

ಒಂದು ತಪ್ಪು ಮಾಡಬೇಡಿ. ಕನ್ನಡದವರು ನಾಲ್ಕು ಜನ ಸೇರಿ ಗುಂಪು ಕಟ್ಟಿಕೊಂಡರೆ ಮನಸ್ಸಿಗೆ ಹಾಯ್ ಅನಿಸುತ್ತದೆ, ಆದರೆ ಭಾಷೆ ಬರಲ್ಲ. ಊಟಕ್ಕೆ ಹೋಗುವಾಗ ಒಬ್ಬ ಗಢವಾಲಿಯ ಜೊತೆಗೋ ಬಿಹಾರಿಯ ಜೊತೆಗೋ ಹೋಗಿ. ಟ್ರೇಡ್ ಟ್ರೈನಿಂಗ್ ಬಂದಾಗ ಇನ್ನೊಂದು ಸಮಾಚಾರ: ಅಲ್ಲಿ ಪಾಠ ಹಿಂದಿಯಲ್ಲಿ ಇರಬಹುದು, ಉಪಕರಣದ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ. ಮಾತಾಡಲು ಬಾರದಿದ್ದರೂ ಸರ್ಕ್ಯೂಟ್ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕೇ ಬೇಕು. ಅಲ್ಲಿ ನಮ್ಮ ದಕ್ಷಿಣದ ಹುಡುಗರು ಸಾಮಾನ್ಯವಾಗಿ ಮುಂದೆ.

ವಡೋದರದ ಇಎಂಇ ಸ್ಕೂಲಿಗೆ ಹೋದರೆ ಅಲ್ಲಿನ ದಕ್ಷಿಣಾಮೂರ್ತಿ ಗುಡಿ ನೋಡಿ. ಅಲ್ಯೂಮಿನಿಯಂ ತಗಡಿನಿಂದ ಕಟ್ಟಿದ ಗುಮ್ಮಟ, 1966ರದ್ದು. ರಿಪೇರಿಯವರು ದೇವಸ್ಥಾನ ಕಟ್ಟಿದರೆ ಹೀಗೇ ಇರುತ್ತದೆ ಅನಿಸುತ್ತದೆ.

ವರ್ಕ್‌ಶಾಪಿನಲ್ಲಿ ಒಂದು ದಿನ ಹೇಗಿರುತ್ತೆ?

ಶಾಂತಿ ಪ್ರದೇಶದಲ್ಲಿ ಬೆಳಗ್ಗೆ ಬೇಗ ಪಿಟಿ, ಸ್ನಾನ, ಲಂಗರಿನಲ್ಲಿ (ಜವಾನರ ಅಡುಗೆಮನೆ) ತಿಂಡಿ, ಫಾಲ್‌ಇನ್, ಆಮೇಲೆ ಬೆಂಚು. ಮಧ್ಯಾಹ್ನ ಊಟ. ಸಂಜೆ ಆಟ ಕಡ್ಡಾಯ, ರಾತ್ರಿ ರೋಲ್‌ಕಾಲ್. ನಡುನಡುವೆ ಗಾರ್ಡ್ ಡ್ಯೂಟಿ, ಸಾಮಾನು ಇಳಿಸೋ ಡ್ಯೂಟಿ, ಯಾರೋ ದೊಡ್ಡವರು ಬರುತ್ತಾರೆಂದು ಕಲ್ಲಿಗೆ ಸುಣ್ಣ ಹಚ್ಚೋ ಡ್ಯೂಟಿ. ಹುಡುಗರು ಇದರಿಂದ ಬೇಜಾರಾಗುತ್ತಾರೆ. 'ಟೆಕ್ನಿಷಿಯನ್ ಅಂತ ಬಂದೆ, ಪೊರಕೆ ಕೊಟ್ರು' ಅಂತ. ಸ್ವಲ್ಪ ಸಹಿಸಿಕೊಳ್ಳಿ. ನೀವು ಮೊದಲು ಸೈನಿಕ, ಆಮೇಲೆ ಮೆಕ್ಯಾನಿಕ್. ಫೈರಿಂಗ್ ರೇಂಜಿನಲ್ಲಿ ಗುಂಡು ಗುರಿ ತಪ್ಪಿದರೆ ಯಾರೂ 'ಪಾಪ, ಇವನು ರೇಡಿಯೋದವನು' ಅನ್ನಲ್ಲ.

ಫೀಲ್ಡಿನಲ್ಲಿ ಈ ಟೈಮ್‌ಟೇಬಲ್ ಇಲ್ಲ. ಸೆಟ್ ಕೆಟ್ಟಾಗ ಕೆಲಸ, ಸರಿಯಾದಾಗ ನಿದ್ದೆ.

ಪೋಸ್ಟಿಂಗ್ ಎಲ್ಲೆಲ್ಲಿ ಬೀಳುತ್ತೆ?

ಮೂರು ಮೆಟ್ಟಿಲು ಅಂದುಕೊಳ್ಳಿ. ಮೊದಲನೆಯದು ಲಡಾಕಿನಲ್ಲಿರಲಿ, ಮರುಭೂಮಿಯಲ್ಲಿರಲಿ, ಹೋರಾಡುವ ಯೂನಿಟ್ಟಿನ ಜೊತೆಯಲ್ಲೇ ಇರುವ ಸಣ್ಣ ತಂಡ. ಅದನ್ನು ಲ್ಯಾಡ್ ಅಂತಲೋ ಎಲ್‌ಆರ್‌ಡಬ್ಲ್ಯೂ ಅಂತಲೋ ಕರೆಯುತ್ತಾರೆ. ಅಲ್ಲಿ ಕಾರ್ಡು (ಸೆಟ್ಟಿನೊಳಗಿನ ಸರ್ಕ್ಯೂಟ್ ಬೋರ್ಡು) ಬದಲಿಸೋದು, ಕೇಬಲ್ ಕಟ್ಟೋದು, ಬೇಗ ಕೊಟ್ಟು ಕಳಿಸೋದು. ಎರಡನೆಯದು ಫೀಲ್ಡ್ ವರ್ಕ್‌ಶಾಪು. ಮೂರನೆಯದು ಆರ್ಮಿ ಬೇಸ್ ವರ್ಕ್‌ಶಾಪು. ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸ ಅಲ್ಲಿ. ಆಗ್ರಾದ 509, ನಮ್ಮ ಬೆಂಗಳೂರು ಹಲಸೂರಿನ 515 ಇವೆಲ್ಲ ಬೇಸ್ ವರ್ಕ್‌ಶಾಪುಗಳು.

ಬೆಂಗಳೂರು ಸಿಗಲಿ ಅಂತ ಎಲ್ಲರಿಗೂ ಆಸೆ. ಆದರೆ ನನ್ನ ಮಾತು ಕೇಳಿ: ಮೊದಲ ಪೋಸ್ಟಿಂಗ್ ಲ್ಯಾಡ್ ಸಿಕ್ಕರೆ ಒಳ್ಳೆಯದು. ಕೆಟ್ಟ ಸೆಟ್ಟನ್ನು ಹೊತ್ತುಕೊಂಡು ಓಡುವವನ ಮುಖ ನೋಡಿ ಕಲಿತ ಕೆಲಸ ಮರೆಯಲ್ಲ.

ನಿಜವಾಗಿ ಏನು ಕೆಡುತ್ತೆ? ಐಸಿ ಗೀಸಿ ಬದಲಿಸೋದೇ ಜಾಸ್ತಿನಾ?

ಇಲ್ಲ. ಹೊಸಬರಿಗೆ ಇದೇ ಆಶ್ಚರ್ಯ. 'ಸೆಟ್ ಡೆಡ್' ಅಂತ ಚೀಟಿ ಬರೆದು ಬಂದದ್ದರಲ್ಲಿ ನನ್ನ ಬೆಂಚಿನಲ್ಲಿ ಕಂಡಿದ್ದು ಹೆಚ್ಚಾಗಿ ಕನೆಕ್ಟರ್, ಕೇಬಲ್, ಬ್ಯಾಟರಿ, ಆಂಟೆನಾ, ಅರ್ತಿಂಗ್. ಒಳಗಿನ ಕಾರ್ಡು ಆಮೇಲೆ.

ಒಂದು ಸಲ ಒಂದೇ ಗಾಡಿಯ ಸೆಟ್ ನಾಲ್ಕು ಬಾರಿ ನನ್ನ ಹತ್ತಿರ ಬಂತು. ಬೆಂಚಿನ ಮೇಲೆ ಇಟ್ಟರೆ ಚೆನ್ನಾಗಿ ಓಡುತ್ತದೆ, ವಾಪಸ್ ಹೋದರೆ ಸತ್ತುಹೋಗುತ್ತದೆ. ನಾಲ್ಕನೇ ಸಲ ಸೆಟ್ಟನ್ನು ಬಿಟ್ಟು ನಾನೇ ಗಾಡಿಯ ಹತ್ತಿರ ಹೋದೆ. ಇಂಜಿನ್ ಆಫ್ ಇದ್ದಾಗ ಎಲ್ಲ ಸರಿ. ಇಂಜಿನ್ ಹಾಕಿಸಿ, ಆಂಟೆನಾ ಬುಡಕ್ಕೆ ಕೈಯಿಟ್ಟು ಸ್ವಲ್ಪ ಅಲ್ಲಾಡಿಸಿದೆ. ಮೀಟರಿನ ಮುಳ್ಳು ಹಾರಿತು. ಬುಡದ ಬೋಲ್ಟಿನ ಕೆಳಗೆ ಯಾರೋ ಹೊಸ ಬಣ್ಣ ಹೊಡೆದಿದ್ದರು. ಇನ್ಸ್‌ಪೆಕ್ಷನ್ ಇತ್ತಂತೆ. ಬಣ್ಣದ ಮೇಲೆ ಬೋಲ್ಟ್ ಕೂತಿದೆ, ಲೋಹಕ್ಕೆ ಲೋಹ ತಾಗಿಲ್ಲ, ಗಾಡಿ ನಡುಗಿದಾಗಲೆಲ್ಲ ಅರ್ತ್ ಬಿಟ್ಟುಹೋಗುತ್ತಿದೆ. ಉಪ್ಪುಕಾಗದದಲ್ಲಿ ಎರಡು ನಿಮಿಷ ಉಜ್ಜಿದೆ, ಮುಗೀತು. ಅಷ್ಟರೊಳಗೆ ನಾನು ಒಂದು ಒಳ್ಳೆಯ ಕಾರ್ಡನ್ನು ಸುಮ್ನೆ ಬದಲಿಸಿ ಆಗಿತ್ತು. ಅದು ನನ್ನ ತಪ್ಪೇ.

ಅದಕ್ಕೇ ಎಸ್‌ಡಬ್ಲ್ಯೂಆರ್ ಮೀಟರನ್ನು ಪೂಜೆ ಸಾಮಾನಿನ ಹಾಗೆ ಇಟ್ಟುಕೊಳ್ಳಿ. ಆಂಟೆನಾ ಕಡೆಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ತಿಳಿಯೋದು ಅದರಿಂದಲೇ. 1.5 ತೋರಿಸಿದರೆ ಕಳಿಸಿದ ಶಕ್ತಿಯಲ್ಲಿ ಸುಮಾರು ಶೇ. 4ರಷ್ಟು ವಾಪಸ್ ಬರುತ್ತಿದೆ, ಪರವಾಗಿಲ್ಲ. 2 ಅಂದರೆ ಶೇ. 11. 3 ಆದರೆ ಶೇ. 25, ಕಾಲು ಭಾಗ ವಾಪಸ್. ಆ ವಾಪಸ್ ಬಂದದ್ದು ಟ್ರಾನ್ಸ್‌ಮಿಟರನ್ನೇ ಬಿಸಿ ಮಾಡುತ್ತದೆ. ಆಂಟೆನಾ ನೋಡದೆ ಪವರ್ ಆಂಪ್ಲಿಫೈಯರ್ ಬದಲಿಸಿದರೆ ಹೊಸದೂ ಸುಟ್ಟುಹೋಗುತ್ತದೆ. ಬೆಂಚಿನಲ್ಲಿ ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ (ಆ ಶಕ್ತಿಯನ್ನು ನುಂಗುವ ರೆಸಿಸ್ಟರ್) ಹಾಕಿ. ಏನೂ ಹಾಕದೆ ಪ್ರೆಸೆಲ್ (ಮಾತಾಡಲು ಒತ್ತುವ ಗುಂಡಿ) ಒತ್ತಬೇಡಿ.

ಬೆಸುಗೆ ಬಗ್ಗೆಯೂ ಒಂದು ಮಾತು. 63/37 ತವರ-ಸೀಸದ ತಂತಿ 183 ಡಿಗ್ರಿಗೆ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. ಅದು ಆರುವಾಗ ಕೈ ಅಲ್ಲಾಡಿದರೆ ಡ್ರೈ ಸೋಲ್ಡರ್. ಕಣ್ಣಿಗೆ ಮಂಕಾಗಿ, ಹರಳು ಹರಳಾಗಿ ಕಾಣುತ್ತದೆ. ಉಸಿರು ಹಿಡಿದು ಬೆಸುಗೆ ಹಾಕಿ ಅಂತ ನನ್ನ ಉಸ್ತಾದ್ ಹೇಳುತ್ತಿದ್ದರು. ರೈಫಲ್ ಹೊಡೆಯುವಾಗ ಮಾಡುವ ಹಾಗೆಯೇ.

ಚಳಿ, ಮರಳು, ಮಳೆ: ಜಾಗ ಬದಲಾದರೆ ಕೆಲಸ ಬದಲಾಗುತ್ತಾ?

ಪೂರ್ತಿ ಬದಲಾಗುತ್ತದೆ. ಇದನ್ನು ಯಾವ ಕ್ಲಾಸಿನಲ್ಲೂ ಸಾಕಷ್ಟು ಹೇಳಲ್ಲ.

ಎತ್ತರದ ಚಳಿ ಜಾಗದಲ್ಲಿ ಹೊರಗೆ ಮೈನಸ್ 20 ಇದ್ದ ಸೆಟ್ಟನ್ನು ಸೀದಾ ಬಂಕರಿನ ಬುಖಾರಿ (ಬೆಚ್ಚಗಿಡುವ ಒಲೆ) ಪಕ್ಕಕ್ಕೆ ತಂದರೆ ಅದರ ಒಳಗೂ ಹೊರಗೂ ನೀರು ಇಳಿಯುತ್ತದೆ, ಫ್ರಿಡ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ. ಆ ಹೊತ್ತಿಗೆ ಸ್ವಿಚ್ ಹಾಕಿದಿರೋ, ಮುಗೀತು. ಹೊರಗಿದ್ದಾಗಲೇ ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಒಳಗೆ ತಂದು, ಸೆಟ್ ಬೆಚ್ಚಗಾಗುವವರೆಗೆ ಬಿಚ್ಚಬೇಡಿ. ನೀರು ಚೀಲದ ಹೊರಗೆ ಕೂರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಹಾಳಾಗುತ್ತದೆ, ಅಪಾಯವೂ ಹೌದು. ಮೊದಲು ಜಾಕೆಟ್ಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ. ಇನ್ನೊಂದು, 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಫ್ಯಾನ್ ಅಷ್ಟೇ ಜೋರಾಗಿ ತಿರುಗಿದರೂ ತಂಪು ಮಾಡುವ ಗಾಳಿ ಅರ್ಧವೇ. ಹೊರಗೆ ಹಿಮ, ಒಳಗೆ ಸೆಟ್ ಕಾದ ಹಂಚು. ನಂಬೋದು ಕಷ್ಟ, ಆದರೆ ನಿಜ.

ರಾಜಸ್ಥಾನದಲ್ಲಿ ಶತ್ರು ಅಂದರೆ ಧೂಳು. ಫಿಲ್ಟರ್ ಜಾಲರಿ ದಿನಾ ಬಡಿದು ಹಾಕಿ. ಈಶಾನ್ಯದಲ್ಲಿ ತೇವ. ಲೆನ್ಸಿನ ಮೇಲೆ ಬೂಷ್ಟು ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಸಿಲಿಕಾ ಜೆಲ್ ಬಣ್ಣ ಬದಲಾಯಿತಾ ನೋಡುತ್ತಿರಿ. ಎಲ್ಲ ಕಡೆಯೂ ಇರುವ ಶತ್ರು ಇಲಿ.

ಹೈ ವೋಲ್ಟೇಜ್ ಅಂದ್ರೆ ಭಯ. ಹೋಗೋದು ಹೇಗೆ?

ಹೋಗೋದೇ ಬೇಡ. ಭಯ ಇರಲಿ. ರಾಡಾರ್ ಟ್ರಾನ್ಸ್‌ಮಿಟರ್ ಸ್ವಿಚ್ ಆಫ್ ಆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದುಕೊಂಡೇ ಇರುತ್ತದೆ. ಡಿಸ್ಚಾರ್ಜ್ ರಾಡ್ ಬಳಸಿ, ಸ್ಕ್ರೂಡ್ರೈವರ್ ಅಡ್ಡ ಇಡುವ ಶೋಕಿ ಬೇಡ. ಉಂಗುರ, ಕಡಗ, ಲೋಹದ ವಾಚು ತೆಗೆದಿಡಿ. ಒಂದು ಕೈ ಜೇಬಿನಲ್ಲಿರಲಿ, ಕರೆಂಟ್ ಎದೆ ದಾಟಬಾರದು. ಒಬ್ಬರೇ ಮಾಡಬೇಡಿ. ಸ್ವಿಚ್ಚಿಗೆ 'ಕೆಲಸ ನಡೆಯುತ್ತಿದೆ' ಅಂತ ಹಿಂದಿಯಲ್ಲಿ ಬೋರ್ಡು ತೂಗುಹಾಕಿ. ಮದುವೆ ಉಂಗುರ ತೆಗೆಯಲ್ಲ ಅನ್ನುವವರಿದ್ದಾರೆ. ಹೆಂಡತಿಗೆ ಉಂಗುರಕ್ಕಿಂತ ಬೆರಳು ಮುಖ್ಯ ಅಂತ ಹೇಳಿ.

'ಇವತ್ತೇ ಬೇಕು' ಅಂತ ಒತ್ತಡ ಹಾಕ್ತಾರೆ. ಬೇರೆ ಸೆಟ್ಟಿನ ಕಾರ್ಡ್ ಕಿತ್ತು ಹಾಕಿಬಿಡಲಾ?

ಹೇಳದೆ ಕೇಳದೆ ಮಾಡಬೇಡಿ. ಅನುಮತಿ ತಗೊಂಡು, ಎರಡೂ ಸೆಟ್ಟಿನ ದಾಖಲೆಯಲ್ಲಿ ಬರೆದು ಮಾಡಿ. ಕಿತ್ತದ್ದು ಮರೆತುಹೋದರೆ ಆರು ತಿಂಗಳ ನಂತರ ಆ ಎರಡನೇ ಸೆಟ್ ಲೆಕ್ಕ ತಪ್ಪುತ್ತದೆ. ಆಗ ಒತ್ತಡ ಹಾಕಿದವರು ಪೋಸ್ಟಿಂಗ್ ಹೋಗಿರುತ್ತಾರೆ. ನಿಮ್ಮ ಸಹಿ ಮಾತ್ರ ಅಲ್ಲೇ ಇರುತ್ತದೆ.

'ಸಾಬ್, ಆಗಲ್ಲ' ಅನ್ನುವ ಬದಲು 'ಸಾಬ್, ಈ ಪಾರ್ಟ್ ಬಂದರೆ ಎರಡು ಗಂಟೆ ಕೆಲಸ, ಡಿಮ್ಯಾಂಡ್ ಹಾಕಿದ್ದೇನೆ' ಅನ್ನಿ. ಬೈಗುಳ ಅರ್ಧ ಕಡಿಮೆಯಾಗುತ್ತದೆ.

ಎಲ್ಲರೂ 'ನೋಟ್‌ಬುಕ್ ಇಡು' ಅಂತಾರೆ. ಏನು ಬರೀಬೇಕು?

ಈ ಇಡೀ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಕೈಕೆಲಸ ಚೆನ್ನಾಗಿದ್ದೂ ಹಿಂದೆ ಉಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಕಾರಣ ಒಂದೇ: ಅವರ ಕೆಲಸ ಎಲ್ಲೂ ಬರೆದಿರಲಿಲ್ಲ. ಸರಿಮಾಡಿದ ಸೆಟ್ ಬಾಯಿಬಿಟ್ಟು ನಿಮ್ಮ ಹೆಸರು ಹೇಳಲ್ಲ.

ಎರಡು ಪುಸ್ತಕ ಇಡಿ. ಒಂದು ವರ್ಕ್‌ಶಾಪಿನದು. ಲಕ್ಷಣ ಏನಿತ್ತು, ಎಲ್ಲಿ ಎಷ್ಟು ವೋಲ್ಟೇಜ್ ಬಂತು, ಏನು ಅಂದುಕೊಂಡೆ, ಕೊನೆಗೆ ಏನಾಗಿತ್ತು, ಎಷ್ಟು ಹೊತ್ತು ಹಿಡಿಯಿತು. ತಪ್ಪು ಊಹೆಯನ್ನೂ ಬರೆಯಿರಿ, ಅದೇ ಹೆಚ್ಚು ಉಪಯೋಗಕ್ಕೆ ಬರೋದು. ಈ ಪುಸ್ತಕ ಅಲ್ಲೇ ಇರಬೇಕು, ಮನೆಗೆ ತರುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಪೋಸ್ಟಿಂಗ್ ಹೋಗುವಾಗ ನಿಮ್ಮ ಜಾಗಕ್ಕೆ ಬರುವವನಿಗೆ ಕೊಟ್ಟುಹೋಗಿ.

ಇನ್ನೊಂದು ನಿಮ್ಮದು. ಅದರಲ್ಲಿ ಉಪಕರಣದ ಹೆಸರು, ಯೂನಿಟ್ ಹೆಸರು ಏನೂ ಬೇಡ. ಮಾಡಿದ ಕೋರ್ಸ್, ತಾರೀಖು, ಗ್ರೇಡಿಂಗ್, ಟ್ರೇಡ್ ಕ್ಲಾಸ್ ಪಾಸಾದ ದಿನ, ಎಷ್ಟು ಜನರಿಗೆ ಕಲಿಸಿದೆ, ಎಂಥ ಮೀಟರ್, ಆಸಿಲೋಸ್ಕೋಪ್ ಬಳಸಲು ಬರುತ್ತದೆ, ಇಷ್ಟು. ಜೊತೆಗೆ ಸರ್ಟಿಫಿಕೇಟುಗಳ ನಕಲು ಒಂದು ಫೈಲು. ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಗೆ ಸೇರಿಸುವ ಆದೇಶ) ಆಗಿದೆಯಾ ಅಂತ ಆಫೀಸಿನ ಕ್ಲರ್ಕನ್ನು ಕೇಳಿ. ಮದುವೆ, ಮಗು, ಕೋರ್ಸ್, ಏನೇ ಇರಲಿ, ಪಾರ್ಟ್ ಟೂ ಆಗದಿದ್ದರೆ ಸೇನೆಯ ಲೆಕ್ಕದಲ್ಲಿ ಅದು ನಡೆದೇ ಇಲ್ಲ. ನನ್ನದೊಂದು ಕೋರ್ಸ್ ಹಾಗೆ ಮೂರು ವರ್ಷ ಯಾವುದೋ ಕಪಾಟಿನಲ್ಲಿ ಕೂತಿತ್ತು. ಬಡ್ತಿ ಪಟ್ಟಿ ಬಂದಾಗ ಗೊತ್ತಾಯಿತು. ಬೈಯಲು ಯಾರೂ ಸಿಗಲಿಲ್ಲ.

ಫೋನು, ಇನ್‌ಸ್ಟಾಗ್ರಾಂ?

2020ರ ಜುಲೈನಲ್ಲಿ ಸೇನೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತ್ತು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸಹಿತ. ನಿಯಮ ಆಗಾಗ ತಿದ್ದುಪಡಿ ಆಗುತ್ತದೆ. ಈಗಿನ ಆದೇಶ ಏನಿದೆಯೋ ಯೂನಿಟ್ಟಿನಲ್ಲಿ ಓದಿ ಸಹಿ ಹಾಕಿ. ನಮ್ಮ ಟ್ರೇಡಿನವರಿಗೆ ಅಪಾಯ ಇನ್ನೂ ಜಾಸ್ತಿ. ಬೆಂಚಿನ ಮುಂದೆ ತೆಗೆದ ಒಂದು ಸೆಲ್ಫಿಯ ಹಿಂದೆ ಬಿಚ್ಚಿಟ್ಟ ಸೆಟ್ ಇರುತ್ತದೆ. ಗೊತ್ತಿಲ್ಲದ ಹುಡುಗಿ ರಾತ್ರಿ ಹನ್ನೊಂದಕ್ಕೆ ನಿಮ್ಮ ವರ್ಕ್‌ಶಾಪಿನ ಬಗ್ಗೆ ಆಸಕ್ತಿ ತೋರಿಸಿದರೆ ಅವಳಿಗೆ ಬೇಕಿರುವುದು ನೀವಲ್ಲ.

ಬಡ್ತಿ ಹೇಗೆ? ಆಫೀಸರ್ ಆಗಬಹುದಾ?

ಖಾಯಂ ಸೇವೆಯಲ್ಲಿ ಕ್ರಾಫ್ಟ್ಸ್‌ಮನ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಅಂತ ಮೆಟ್ಟಿಲು. ಟ್ರೇಡ್ ಟೆಸ್ಟ್, ಮ್ಯಾಪ್ ರೀಡಿಂಗ್‌ನಂಥ ಪರೀಕ್ಷೆ, ಕೇಡರ್ (ಬಡ್ತಿಗೆ ಮುಂಚಿನ ತರಬೇತಿ), ಎಸಿಆರ್ (ವಾರ್ಷಿಕ ಗೋಪ್ಯ ವರದಿ), ಮೆಡಿಕಲ್ ಕೆಟಗರಿ ಎಲ್ಲ ನೋಡುತ್ತಾರೆ. ಮೊಣಕಾಲು ಕೆಡಿಸಿಕೊಂಡು ಲೋ ಮೆಡಿಕಲ್ ಆದರೆ ಎಷ್ಟು ದೊಡ್ಡ ಮೆಕ್ಯಾನಿಕ್ ಆದರೂ ಪೆಟ್ಟು ಬೀಳುತ್ತದೆ. ಕೂತು ಮಾಡುವ ಕೆಲಸ, ಲಂಗರಿನ ಪೂರಿ, ಸಂಜೆಯ ರಮ್ಮು. ಹೊಟ್ಟೆ ಬರೋದು ಗೊತ್ತೇ ಆಗಲ್ಲ.

ಆಫೀಸರ್ ದಾರಿ ಇದೆ. ಆರ್ಮಿ ಕೆಡೆಟ್ ಕಾಲೇಜು ಅಂತ ಡೆಹ್ರಾಡೂನಿನಲ್ಲಿ. ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ (ಆಫೀಸರ್ ಆಯ್ಕೆ ಮಂಡಳಿಯ ಸಂದರ್ಶನ) ಪಾಸಾದರೆ 3 ವರ್ಷ ಅಲ್ಲಿ ಓದು, ಡಿಗ್ರಿಯೂ ಸಿಗುತ್ತದೆ, ಆಮೇಲೆ 1 ವರ್ಷ ಇಂಡಿಯನ್ ಮಿಲಿಟರಿ ಅಕಾಡೆಮಿ. ವಯಸ್ಸಿನ ಮಿತಿ ಇರುವುದರಿಂದ 'ಮುಂದಿನ ವರ್ಷ ನೋಡೋಣ' ಅಂದವರು ಉಳಿದೇಹೋಗುತ್ತಾರೆ. ನಾನೂ ಹಾಗೆ ಅಂದವನೇ.

ಅಗ್ನಿವೀರನಾಗಿ 4 ವರ್ಷ ಮುಗಿಸಿದರೆ ಕೈಗೆ ಏನು ಬರುತ್ತೆ?

2022ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಆಮೇಲೆ 33,000, 36,500, ನಾಲ್ಕನೇ ವರ್ಷ 40,000. ಇದರಲ್ಲಿ ಶೇ. 30 ಸೇವಾನಿಧಿಗೆ ಹೋಗುತ್ತದೆ. ಹಾಗಾಗಿ ಮೊದಲ ವರ್ಷ ಕೈಗೆ 21,000. ಸರ್ಕಾರವೂ ಅಷ್ಟೇ ಹಾಕುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ವಿಮೆ ಇದೆ. ಒಂದು ತಂಡದಲ್ಲಿ ಶೇ. 25ರವರೆಗೆ ಖಾಯಂ ಆಗುತ್ತಾರೆ, ಅವರಿಗೆ ಮುಂದೆ ಕನಿಷ್ಠ 15 ವರ್ಷ ಸೇವೆ.

ಅಂದರೆ ನಾಲ್ವರಲ್ಲಿ ಮೂವರು ವಾಪಸ್ ಬರುತ್ತಾರೆ ಅಂತ ಮೊದಲ ದಿನವೇ ತಿಳಿದುಕೊಂಡು ಹೋಗಿ. ಖಾಯಂ ಆಗೋಕೆ ಜೀವ ಬಿಟ್ಟು ಕೆಲಸ ಮಾಡಿ, ಜೊತೆಗೆ ಆಗದಿದ್ದರೆ ಏನು ಅನ್ನೋದಕ್ಕೂ ತಯಾರಿ ಇರಲಿ. ಎರಡನ್ನೂ ಒಟ್ಟಿಗೇ ಮಾಡಬೇಕು. ಆ 11 ಲಕ್ಷದ ಬಗ್ಗೆ ಊರಲ್ಲಿ ನಿಮಗಿಂತ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಸೈಟು ತೋರಿಸುವವರು, ಚಿಟ್ ಫಂಡಿನವರು, ದೂರದ ಚಿಕ್ಕಪ್ಪ, ಎಲ್ಲ ಬರುತ್ತಾರೆ. ಒಂದು ವರ್ಷ ಬ್ಯಾಂಕಿನ ಎಫ್‌ಡಿಯಲ್ಲಿ ಸುಮ್ಮನೆ ಬಿಡಿ.

ಹೊರಗೆ ಬಂದ ಮೇಲೆ ಈ ಕೆಲಸಕ್ಕೆ ಬೆಲೆ ಇದೆಯಾ?

ಇದೆ, ಆದರೆ ಹೊರಗಿನವರ ಭಾಷೆಯಲ್ಲಿ ಹೇಳಿದರೆ ಮಾತ್ರ. ಬಯೋಡೇಟಾದಲ್ಲಿ 'ಎಲ್‌ಆರ್‌ಡಬ್ಲ್ಯೂನಲ್ಲಿ ರೇಡಿಯೋ ಟ್ರೇಡ್ ಕ್ಲಾಸ್ ಒನ್' ಅಂತ ಬರೆದರೆ ಕಂಪನಿಯವನಿಗೆ ಏನೂ ತಿಳಿಯಲ್ಲ. 'ವಿಎಚ್‌ಎಫ್ ಟ್ರಾನ್ಸ್‌ಸೀವರ್‌ಗಳ ದೋಷ ಹುಡುಕಿ ಸರಿಪಡಿಸುವುದರಲ್ಲಿ 8 ವರ್ಷ, ಸ್ಪೆಕ್ಟ್ರಮ್ ಅನಲೈಸರ್ ಬಳಕೆ, 12 ಜನರ ತಂಡದ ಮೇಲ್ವಿಚಾರಣೆ' ಅಂತ ಬರೆಯಿರಿ. ಆ ಎರಡನೇ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರೋದು.

ಮೆಟ್ರೋ, ರೈಲ್ವೆ ಸಿಗ್ನಲ್, ವಿಮಾನ ನಿಲ್ದಾಣ, ಟೆಲಿಕಾಂ ಟವರ್, ಆಸ್ಪತ್ರೆಯ ಯಂತ್ರಗಳು, ಡ್ರೋನ್, ಇವೆಲ್ಲ ನಮ್ಮ ಕೈಗೆ ಹತ್ತಿರದ ಕೆಲಸ. ನಮ್ಮ ಬೆಂಗಳೂರಿನಲ್ಲೇ 1954ರಿಂದ ಬಿಇಎಲ್ ಇದೆ, ಸೇನೆಯ ರೇಡಿಯೋ, ರಾಡಾರ್ ಮಾಡುವುದೇ ಅವರು. ಪೂರ್ತಿ ಸೇವೆ ಮುಗಿಸಿದ ಮಾಜಿ ಸೈನಿಕರಿಗೆ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಸಾರ್ವಜನಿಕ ಉದ್ದಿಮೆ ಮತ್ತು ಬ್ಯಾಂಕುಗಳ ಗ್ರೂಪ್ ಸಿಯಲ್ಲಿ ಶೇ. 14.5 ಮೀಸಲಾತಿ ಇದೆ. ಅಗ್ನಿವೀರರಿಗೆ ರಕ್ಷಣಾ ಸಚಿವಾಲಯದ ಹುದ್ದೆ, ಅದರ ಕೆಳಗಿನ ಉದ್ದಿಮೆಗಳಲ್ಲಿ ಶೇ. 10 ಘೋಷಿಸಿದ್ದಾರೆ, ಬಿಇಎಲ್ ಕೂಡ ಆ ಪಟ್ಟಿಯಲ್ಲಿದೆ. ಮೀಸಲಾತಿ ಬಾಗಿಲು ತೆರೆಯುತ್ತದೆ ಅಷ್ಟೇ, ಪರೀಕ್ಷೆ ನೀವೇ ಬರೀಬೇಕು.

ನಿವೃತ್ತಿಗೆ ಮುಂಚೆ ಡಿಜಿಆರ್ (ಮಾಜಿ ಸೈನಿಕರ ಪುನರ್ವಸತಿ ನಿರ್ದೇಶನಾಲಯ) ನಡೆಸುವ ಪುನರ್ವಸತಿ ಕೋರ್ಸುಗಳಿವೆ. ಹೆಸರು ಕೊಡಲು ಮರೆಯಬೇಡಿ. ಬಂದ ಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ನೋಂದಾಯಿಸಿ. ತುಂಬಾ ಜನ ಕ್ಯಾಂಟೀನಿಗೆ ಮಾತ್ರ ಹೋಗುತ್ತಾರೆ.

ಸೇವೆಯಲ್ಲಿದ್ದಾಗಲೇ ಓದಬಹುದಾ?

ಓದಲೇಬೇಕು. ಅಗ್ನಿವೀರರಿಗೆ ಇಗ್ನೋ ಡಿಗ್ರಿ ಇದೆ. ಅದರಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಸಿಗುತ್ತದೆ, ಉಳಿದದ್ದು ನೀವು ಓದಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ 12ನೇ ತರಗತಿ. ಫೀಲ್ಡಿನಲ್ಲಿ ನೆಟ್‌ವರ್ಕ್ ಇರಲ್ಲ, ಪರೀಕ್ಷೆ ದಿನ ರಜೆ ಸಿಗಲ್ಲ, ಇದೆಲ್ಲ ಇದ್ದದ್ದೇ. ಪುಸ್ತಕ ಕಾಗದದಲ್ಲಿ ತರಿಸಿಕೊಳ್ಳಿ, ಶಾಂತಿ ಪೋಸ್ಟಿಂಗ್ ಬಂದಾಗ ಪರೀಕ್ಷೆ ಮುಗಿಸಿಬಿಡಿ.

ಮನೆಯವರನ್ನು ಕರೆದುಕೊಂಡು ಹೋಗಬಹುದಾ?

ಶಾಂತಿ ಪ್ರದೇಶದಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಹೌದು. ಫೀಲ್ಡಿಗೆ ಇಲ್ಲ. ಮಗು ನಾಲ್ಕನೇ ಕ್ಲಾಸಿನೊಳಗೆ ಮೂರು ಶಾಲೆ ನೋಡಿರುತ್ತದೆ. ಹೆಂಡತಿಗೆ ಬ್ಯಾಂಕು, ಆಸ್ಪತ್ರೆ, ಕ್ಯಾಂಟೀನ್ ಕಾರ್ಡು, ನಿಮ್ಮ ಆರ್ಮಿ ನಂಬರು, ರೆಕಾರ್ಡ್ ಆಫೀಸಿನ ವಿಳಾಸ ಎಲ್ಲ ಬಾಯಿಪಾಠ ಇರಲಿ. ನಾಮಿನಿ ಹೆಸರು ಮದುವೆಯಾದ ತಿಂಗಳೇ ಬದಲಿಸಿ. ಇನ್ನೂ ಅಮ್ಮನ ಹೆಸರಲ್ಲೇ ಬಿಟ್ಟು, ಆಮೇಲೆ ಮನೆಯಲ್ಲಿ ಅತ್ತೆ ಸೊಸೆ ನಡುವೆ ಜಗಳ ತಂದಿಟ್ಟವರು ಬಹಳ.

ಖಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಅಗ್ನಿವೀರನಿಗೆ 30 ದಿನ. ಊರಿನ ಜಾತ್ರೆಗೇ ಸಿಗುತ್ತದೆ ಅಂತ ಮಾತು ಕೊಡಬೇಡಿ.

ರಜೆಗೆ ಬಂದಾಗ ಊರವರೆಲ್ಲ ಟಿವಿ, ಮಿಕ್ಸಿ ತಂದು ರಿಪೇರಿ ಮಾಡು ಅಂತಾರೆ. ಏನು ಮಾಡಲಿ?

ಇದಕ್ಕೆ ಇಪ್ಪತ್ತೆರಡು ವರ್ಷದಲ್ಲೂ ನನಗೆ ಉತ್ತರ ಸಿಕ್ಕಿಲ್ಲ. ಮೊದಲ ರಜೆಯಲ್ಲಿ ನಮ್ಮ ಸೋದರತ್ತೆ ಮಿಕ್ಸಿ ತಂದು ಜಗಲಿ ಮೇಲೆ ಇಟ್ಟರು. 'ರಾಡಾರ್ ರಿಪೇರಿ ಮಾಡ್ತೀಯಂತೆ, ಇದೇನು ಮಹಾ' ಅಂದರು. ಹತ್ತು ಜನ ಸುತ್ತ ನಿಂತಿದ್ದರು. ನಾನು ಗತ್ತಿನಿಂದ ಸ್ಕ್ರೂ ಎಲ್ಲ ಬಿಚ್ಚಿ, ಮೋಟಾರ್ ವೈಂಡಿಂಗ್ ಅಳೆದು, ಸ್ವಿಚ್ ಅಳೆದು ಬೆವರುತ್ತಾ ಕೂತಿದ್ದೆ. ಎದುರುಮನೆಯ ಏಳನೇ ಕ್ಲಾಸಿನ ಹುಡುಗಿ ಬಂದು, ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ ಒತ್ತಿದಳು. ಓವರ್‌ಲೋಡ್ ಆಗಿ ಟ್ರಿಪ್ ಆಗಿತ್ತು, ಅಷ್ಟೇ. ಅತ್ತೆ ಆ ಸಂಜೆಯೇ ಅದರಲ್ಲಿ ಚಟ್ನಿ ರುಬ್ಬಿ ಕಳಿಸಿದರು. ನನ್ನ ಹೆಸರಿಗಲ್ಲ, ಆ ಹುಡುಗಿಯ ಮನೆಗೆ.